ಗೋಧಿ ಒಪ್ಪತ್ತು

ಇದನ್ನು ಬರೆಯಲು ಕೂತು ಮೂರನೇ ಸಲ ಎದ್ದು ಬಂದೆ. ಮೊದಲ ಸಲ ಎದುರುಮನೆಯಾಕೆ ಗೇಟಿನಾಚೆಯಿಂದಲೇ ಕೂಗಿದರು. "ಏನವ್ವ, ಮಗೀಗೆ ಬ್ರೆಡ್ಡೂ ಕೊಡಂಗಿಲ್ವಂತೆ, ಹೌದಾ?" ಹೌದು ಅಂದೆ. ಎರಡು ಸಾಲು ಬರೆಯುವಷ್ಟರಲ್ಲಿ ಮತ್ತೆ ಅವರೇ. "ಬನ್ನು?" ಬನ್ನೂ ಇಲ್ಲ ಅಂದೆ. ಮೂರನೇ ಸಲ ಗೇಟು ತೆಗೆದುಕೊಂಡು ಬಾಗಿಲಿಗೇ ಬಂದರು. "ರಸ್ಕು ಕೊಡಬೋದು ಬಿಡು. ಅದನ್ನ ಸುಟ್ಟಿರ್ತಾರಲ್ಲ, ಇರೋ ದೋಷ ಎಲ್ಲಾ ಹೋಗಿರ್ತೈತೆ."

ನನ್ನ ಮಗಳಿಗೆ ನಾಲ್ಕು ವರ್ಷ. ಅವಳ ಹೊಟ್ಟೆಗೆ ಗೋಧಿ ಆಗುವುದಿಲ್ಲ. ಇಷ್ಟೇ ವಿಷಯ. ಈ ಒಂದು ಮಾತನ್ನು ಯುಗಾದಿಯಿಂದ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೇನೆ. ನಾನು ಓದಿದ್ದು ಹತ್ತನೇ ಕ್ಲಾಸು, ನನಗೇ ಅರ್ಥವಾಗಿದೆ. ಆದರೆ ಹಿರಿಯೂರಿನ ನಮ್ಮ ಬೀದಿಯಲ್ಲಿ ಪೂರ್ತಿ ಅರ್ಥವಾಗಿದ್ದು ಒಬ್ಬರಿಗೇ. ಅದು ನನ್ನ ಮಗಳಿಗೆ. ಉಳಿದವರ ಕತೆ ದಿನಾ ಒಂದೊಂದು.

೧. ಬೀದಿಯವರ ಪ್ರೀತಿ

ಮಗು ಎಷ್ಟು ತಿಂದರೂ ಮೈಗೆ ಹತ್ತುತ್ತಿರಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ವಾರಕ್ಕೆ ನಾಲ್ಕು ದಿನ ಭೇದಿ. ಎರಡನೇ ಹುಟ್ಟುಹಬ್ಬಕ್ಕೆ ಹೊಲಿಸಿದ ಲಂಗ ನಾಲ್ಕನೇ ಹುಟ್ಟುಹಬ್ಬಕ್ಕೂ ಸರಿಯಾಗಿ ಕೂತಿತು. ಎಲ್ಲರೂ "ಬಟ್ಟೆ ಚೆನ್ನಾಗಿ ಇಟ್ಕಂಡಿದೀಯ" ಅಂದರು. ನನಗೆ ಅಳು ಬಂತು.

ಕೊನೆಗೆ ಚಿತ್ರದುರ್ಗದ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ, ಹೊಟ್ಟೆಯೊಳಗೆ ಕ್ಯಾಮೆರಾ ಎಲ್ಲ ಮಾಡಿಸಿ ಹೇಳಿದರು. "ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಶ ಇರುತ್ತೆ. ಇವಳ ಕರುಳಿಗೆ ಅದು ಆಗಲ್ಲ. ಒಂದು ಚೂರೂ ಬೇಡ. ಬಿಟ್ಟರೆ ಬೆಳೀತಾಳೆ, ಬಿಡದಿದ್ರೆ ಹೀಗೇ ಇರ್ತಾಳೆ. ಮೂರು ತಿಂಗಳಿಗೊಮ್ಮೆ ಕರ್ಕೊಂಡು ಬನ್ನಿ, ತೂಕ ನೋಡೋಣ."

ಹೊರಗಿನ ಬೆಂಚಿನಲ್ಲಿ ಕೂತಿದ್ದ ನಮ್ಮತ್ತೆಗೆ ನಮ್ಮನೆಯವರು ವಿಷಯ ಹೇಳಿದರು. ಗ್ಲುಟೆನ್ ಎಂಬುದು ಅತ್ತೆಯ ಕಿವಿಗೆ ಗ್ಲೂಕೋಸ್ ಆಗಿ ಬಿತ್ತು. ಗ್ಲೂಕೋಸ್ ಅಂದರೆ ಸಕ್ಕರೆ. ಮಾರನೇ ದಿನ ಬೀದಿಯೆಲ್ಲ ಒಂದೇ ಸುದ್ದಿ, ಇಷ್ಟು ಸಣ್ಣ ಮಗುವಿಗೆ ಶುಗರ್ ಅಂತೆ.

ಬಂದರು ನೋಡಿ ಎಲ್ಲರೂ ಸಮಾಧಾನ ಹೇಳಲು. ಯಾರೂ ಬರಿಗೈಯಲ್ಲಿ ಬರಲಿಲ್ಲ. "ಶುಗರಿಗೆ ಅನ್ನ ಒಳ್ಳೇದಲ್ಲವ್ವ, ಚಪಾತಿನೇ ಮದ್ದು" ಎನ್ನುತ್ತಾ ಒಬ್ಬೊಬ್ಬರೂ ಡಬ್ಬಿ ಮುಂದಿಟ್ಟರು. ಸಂಜೆಗೆ ಎಣಿಸಿದರೆ ಇಪ್ಪತ್ತಮೂರು ಚಪಾತಿ. ಒಬ್ಬ ಮಹಾತಾಯಿ ಗೋಧಿ ನುಚ್ಚಿನ ಗಂಜಿಯನ್ನೂ ಕಾಯಿಸಿ ತಂದಿದ್ದರು. ಯಾವುದನ್ನು ಕೊಡಲೇಬಾರದೆಂದು ಡಾಕ್ಟರು ಹೇಳಿದ್ದರೋ ಅದೊಂದನ್ನೇ ಇಡೀ ಬೀದಿ ಒಮ್ಮತದಿಂದ ಹೊತ್ತು ತಂದಿತ್ತು.

ಎಸೆಯಲು ಮನಸ್ಸು ಬರಲಿಲ್ಲ. ಎರಡು ದಿನ ಮೂರು ಹೊತ್ತೂ ನಮ್ಮನೆಯವರಿಗೇ ಬಡಿಸಿದೆ. ಐದನೇ ಊಟಕ್ಕೆ ತಟ್ಟೆ ನೋಡಿ ಕೇಳಿದರು. "ಅಲ್ಲಾ ಕಣೇ, ಶುಗರ್ ಬಂದಿರಾದು ನನಗಾ?"

೨. ರವೆ ಯಾವುದರಿಂದ?

ನಮ್ಮತ್ತೆಗೆ ಪ್ರತಿ ಸೋಮವಾರ ಒಪ್ಪತ್ತು. ಅವತ್ತು ಒಂದೇ ಹೊತ್ತು ಊಟ, ಅದರಲ್ಲೂ ಅನ್ನ ಮುಟ್ಟುವುದಿಲ್ಲ. ಮೂವತ್ತು ವರ್ಷದಿಂದ ನಡೆದಿದೆ. ಈ ಮೂವತ್ತು ವರ್ಷದಲ್ಲಿ ಒಬ್ಬರಾದರೂ "ಒಂದು ತುತ್ತು ಅನ್ನ ತಿಂದರೆ ಏನಾಗ್ತೈತೆ" ಎಂದು ಕೇಳಿದ್ದಿಲ್ಲ. ಕೇಳುವ ಧೈರ್ಯ ಯಾರಿಗಿದೆ?

ಅನ್ನದ ಬದಲು ಅವರು ತಿನ್ನುವುದು ಉಪ್ಪಿಟ್ಟು. ಒಂದು ಸೋಮವಾರ ನಾನು ನಲ್ಲಿ ನೀರು ಹಿಡಿದು ಒಳಗೆ ಬರುತ್ತೇನೆ, ಅಜ್ಜಿಯ ತೊಡೆಯ ಮೇಲೆ ಮಗಳು, ಮಗಳ ಬಾಯಲ್ಲಿ ಉಪ್ಪಿಟ್ಟು.

"ಅತ್ತೆ, ಗೋಧಿ ಕೊಡಬೇಡಿ ಅಂದಿದಾರಲ್ಲ!"

"ಇದ್ರಾಗೆ ಗೋಧಿ ಎಲ್ಲೈತೆ? ಇದು ರವೆ."

"ರವೆನ ಯಾವುದ್ರಿಂದ ಮಾಡ್ತಾರೆ?"

"ಅದನ್ನ ಅಂಗಡಿಯೋನನ್ನ ಕೇಳು. ಗೋಧಿ ಕೆಂಪಗಿರ್ತೈತೆ, ರವೆ ಬೆಳ್ಳಗೈತೆ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಆಗ ಬಂದ ನಮ್ಮನೆಯವರನ್ನು ನ್ಯಾಯಕ್ಕೆ ಕೂರಿಸಿದೆ. ಅವರು ಅವರವ್ವನಿಗೆ ಬುದ್ಧಿ ಹೇಳಿದರು. "ಅವ್ವಾ, ರವೆನೂ ಗೋಧಿದೇ. ಇವಳು ಹೇಳಾದು ಸರಿ ಐತೆ." ಮದುವೆಯಾಗಿ ಆರು ವರ್ಷದಲ್ಲಿ ಮೊದಲ ಸಲ ನನ್ನ ಪರ ಮಾತಾಡಿದ ಗಂಡನನ್ನು ನಾನು ಕಣ್ಣು ತುಂಬಾ ನೋಡಿದೆ. ಅವರು ಮುಂದುವರಿಸಿದರು. "ಬೇಕಾದ್ರೆ ಮೈದಾದಾಗೆ ಏನಾರ ಮಾಡ್ಕೊಡು. ಮೈದಾನ ಮರಗೆಣಸಿಂದ ಮಾಡ್ತಾರೆ."

ಇವರ ಜೊತೆ ವಾದ ಮಾಡುವುದು ಬಿಟ್ಟು ಒಂದು ದೊಡ್ಡ ಹಾಳೆಯಲ್ಲಿ ಪಟ್ಟಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆ. ಗೋಧಿ, ರವೆ, ಮೈದಾ, ಶಾವಿಗೆ, ಬ್ರೆಡ್ಡು, ಬನ್ನು, ರಸ್ಕು, ಬಿಸ್ಕತ್ತು, ಪೂರಿ, ಪರೋಟ. ಅತ್ತೆ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಓದಿದರು. ಮುಖ ಅರಳಿತು.

"ಇದ್ರಾಗೆ ಚಿರೋಟಿ ರವೆ ಬರ್ದಿಲ್ಲ. ಅಂದ್ರೆ ಅದು ನಡೀತೈತೆ ಅಂತಾತು."

೩. ಪ್ರಾಮಾಣಿಕ ಗಿರಣಿ

ರಾಗಿ ತಿನ್ನಬಹುದು, ಜೋಳ ತಿನ್ನಬಹುದು, ನನ್ನ ತವರು ಹೊಸದುರ್ಗದ ಕಡೆಯಿಂದ ಸಾಮೆ ಅಕ್ಕಿಯೂ ಬರುತ್ತದೆ. ಮಗು ಉಪವಾಸ ಬೀಳುವ ಮಾತೇ ಇಲ್ಲ. ತೊಂದರೆ ಇದ್ದದ್ದು ಹಿಟ್ಟಿನ ಗಿರಣಿಯಲ್ಲಿ. ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಗೋಧಿಯೂ ಜೊತೆಗೇ ಬರುತ್ತದೆ.

ಹಾಗಾಗಿ ಗಿರಣಿಯವನು ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತೆ. ಒಳ್ಳೆಯ ಮನುಷ್ಯ. ಪೂರ್ತಿ ಕೇಳಿಸಿಕೊಂಡ. "ಮಡಿ ರಾಗಿ ಅನ್ನು ಅಕ್ಕಾ" ಅಂದ. ಏನಾದರೂ ಅಂದುಕೋ, ಕಲ್ಲು ಚೊಕ್ಕ ಮಾಡು ಅಂದೆ. ಮಾಡಿದ. ಕಲ್ಲು ಬಿಚ್ಚಿ ಬ್ರಷ್ಷಿನಿಂದ ಉಜ್ಜಿದ. ಎರಡು ಸೇರು ಅಕ್ಕಿ ಬೀಸಿ ಆ ಹಿಟ್ಟನ್ನು ದನಕ್ಕೆಂದು ಪಕ್ಕಕ್ಕಿಟ್ಟ. ಹೊಸ ಬಟ್ಟೆಯ ಚೀಲ ಕಟ್ಟಿದ. ಆಮೇಲೆ ನನ್ನ ಐದು ಕೇಜಿ ರಾಗಿ ಸುರಿದ. ಈ ಊರಿನಲ್ಲಿ ಒಬ್ಬನಾದರೂ ಇದ್ದಾನಲ್ಲ ಎಂದು ನನಗೆ ನೆಮ್ಮದಿಯಾಯಿತು.

ಬೀಸಿ ಮುಗಿಯಿತು. ತೂಕಕ್ಕಿಟ್ಟ. ಒಂದು ಹಿಡಿ ಕಮ್ಮಿ ಬಂತು. ತಟ್ಟನೆ ಪಕ್ಕದ ಡಬ್ಬಕ್ಕೆ ಕೈಹಾಕಿ ಒಂದು ಹಿಡಿ ಹಿಟ್ಟು ತೆಗೆದು ನನ್ನ ರಾಗಿಗೆ ಹಾಕಿ, ಚೀಲ ಕುಲುಕಿ, ಬಾಯಿ ಕಟ್ಟಿದ.

"ಅದೇನು ಹಾಕಿದೆಯಪ್ಪ?"

"ಮಿಷಿನ್ನಿನ ಹೊಟ್ಟೆಯಾಗೆ ಒಂದು ಹಿಡಿ ಕುಂತ್ಕಂಬಿಡ್ತೈತೆ ಅಕ್ಕಾ. ನಿಮ್ಮ ತೂಕ ನಿಮಗೆ ಸರಿ ಆಗಬೇಕಲ್ಲ. ನಾನು ಯಾರ ಹಿಟ್ಟೂ ಇಟ್ಕಳಾನಲ್ಲ."

"ಯಾವ ಹಿಟ್ಟು ಅದು?"

"ಒಳ್ಳೇದೇ ಹಾಕೀನಿ. ಮೇಷ್ಟ್ರ ಮನೆ ಗೋಧಿ."

ತೂಕದಲ್ಲಿ ಮೋಸ ಮಾಡುವ ಗಿರಣಿಯವನು ಸಿಕ್ಕಿದ್ದರೆ ನನ್ನ ಐದು ಕೇಜಿ ರಾಗಿ ಉಳಿಯುತ್ತಿತ್ತು. ತವರಿನ ಅಟ್ಟದಲ್ಲಿದ್ದ ಬೀಸುಕಲ್ಲು ಈಗ ನಮ್ಮ ಅಡುಗೆಮನೆಯಲ್ಲಿದೆ.

೪. ಇಂಗು

ಎಲ್ಲರನ್ನೂ ಬೈದ ಮೇಲೆ ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಪ್ಯಾಕೆಟ್ಟುಗಳ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತದಲ್ಲ, ಅದಕ್ಕೆ ಗೋಧಿ ಎನ್ನುವ ಇಂಗ್ಲಿಷ್ ಪದವನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಅತ್ತೆಯ ಕೈಗೆ ಕೊಟ್ಟಿದ್ದೆ. "ಈ ಅಕ್ಷರ ಎಲ್ಲಿದ್ದರೂ ಮಗೂಗೆ ಕೊಡಬೇಡಿ, ಚೀಟಿ ಇಟ್ಟು ಹೋಲಿಸಿ ನೋಡಿ" ಎಂದು ಸ್ವಲ್ಪ ಜೋರಾಗಿಯೇ ಹೇಳಿದ್ದೆ. ಅತ್ತೆ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಎಷ್ಟು ಕಟ್ಟುನಿಟ್ಟು ಮಾಡಿದರೂ ಮಗುವಿನ ಹೊಟ್ಟೆ ಪೂರ್ತಿ ಸರಿಹೋಗಲಿಲ್ಲ. ಅತ್ತೆ ಕದ್ದು ಏನೋ ತಿನ್ನಿಸುತ್ತಿದ್ದಾರೆ ಎಂದು ನನಗೆ ಅನುಮಾನ. ಅನುಮಾನ ಏಕೆ, ಮುಖದ ಮೇಲೇ ಹೇಳಿಬಿಟ್ಟೆ. ಅವರು ಎದ್ದು ಅಡುಗೆಮನೆಗೆ ಹೋದರು. ಒಂದೊಂದೇ ಡಬ್ಬಿ ಇಳಿಸಿ ಚೀಟಿ ಹಿಡಿದು ನೋಡತೊಡಗಿದರು. ಒಂದು ಗಂಟೆ ಬಿಟ್ಟು ಹೊರಗೆ ಬಂದು, ನಾನು ದಿನಾ ಮಗುವಿನ ಸಾರಿಗೆ ಹಾಕುತ್ತಿದ್ದ ಇಂಗಿನ ಡಬ್ಬಿಯನ್ನೂ ಚೀಟಿಯನ್ನೂ ನನ್ನ ಮುಂದೆ ಇಟ್ಟರು.

"ನಂಗೆ ಇಂಗ್ಲಿಷ್ ಬರಲ್ಲವ್ವ. ಎರಡೂ ಒಂದೇ ತರ ಕಾಣ್ತಾವೆ. ನೀನು ಓದ್ದೋಳು, ನೋಡಿ ಹೇಳು."

ಇಂಗಿಗೆ ಗೋಧಿ ಹಿಟ್ಟು ಬೆರೆಸುತ್ತಾರೆ ಎಂದು ಯಾವ ಹತ್ತನೇ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ? ಇಂಗು ತಿಂದ ಮಂಗ ಹೇಗಿರುತ್ತದೆ ಎಂದು ಅವತ್ತು ಕನ್ನಡಿ ನೋಡಿ ತಿಳಿದುಕೊಂಡೆ.

೫. ಹೊಳಲ್ಕೆರೆಯ ಹೂರಣ

ಇಂಗು ಬಿಟ್ಟ ಮೇಲೆ ಭೇದಿ ನಿಂತಿತು. ಮಗು ಮುಕ್ಕಾಲು ಕೇಜಿ ಹೆಚ್ಚಿತು. ನಾನು ದಿನಾ ಅವಳ ಕೆನ್ನೆ ಮುಟ್ಟಿ ನೋಡುತ್ತಿದ್ದೆ. ಅಷ್ಟರಲ್ಲಿ ಹೊಳಲ್ಕೆರೆಯಿಂದ ನಾದಿನಿಯ ಕೂಸಿನ ನಾಮಕರಣಕ್ಕೆ ಕರೆ ಬಂತು.

ಮುದ್ದೆ, ಸೊಪ್ಪಿನ ಸಾರು ಡಬ್ಬಿಗೆ ಹಾಕಿಕೊಂಡೇ ಹೋದೆ. ಹತ್ತು ನಿಮಿಷ, ಬರೀ ಹತ್ತು ನಿಮಿಷ ತೊಟ್ಟಿಲ ಹತ್ತಿರ ಹೋಗಿ ಬಂದೆ. ನಾದಿನಿಯ ಅತ್ತೆ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬಟ್ಟು ತಿನ್ನಿಸುತ್ತಿದ್ದರು.

ನನ್ನ ಮುಖ ನೋಡಿ ಅವರೇ ಮೊದಲು ಮಾತಾಡಿದರು. "ಗಾಬರಿ ಆಗ್ಬ್ಯಾಡವ್ವ. ನಂಗೂ ತಿಳೀತೈತೆ. ಮೇಲಿನ ಕಣಕ ಪೂರಾ ಬಿಡ್ಸಿ ನಾನು ತಿಂದೀನಿ. ಒಳಗಿನ ಹೂರಣ ಅಷ್ಟೇ ಮಗೀಗೆ."

"ಹೂರಣಕ್ಕೆ ಕಣಕ ಅಂಟಿರುತ್ತಲ್ಲಮ್ಮ!"

"ಅಂಟಿದ್ದು ಎಷ್ಟು ಮಹಾ? ಶುಭಕಾರ್ಯದಾಗೆ ಮಗಿನ ಬಾಯಿ ಸಿಹಿ ಮಾಡ್ದೆ ಕಳ್ಸಾಕಾಗ್ತೈತಾ?"

ಮೂರು ದಿನ ವಾಂತಿ, ಮೂರು ದಿನ ಭೇದಿ. ಮುಕ್ಕಾಲು ಕೇಜಿ ಹೋಯಿತು. ಆ ಸಲ ಡಾಕ್ಟರು ತೂಕದ ಚೀಟಿಯನ್ನು ಎರಡು ಸಲ ನೋಡಿ ನನ್ನ ಕೈಗೇ ವಾಪಸು ಕೊಟ್ಟರು. ಬೈದಿದ್ದರೇ ವಾಸಿಯಿತ್ತು. ಮನೆಗೆ ಬಂದು ಹೊಳಲ್ಕೆರೆಗೆ ಫೋನು ಹಚ್ಚಿ, ನಾಲ್ಕು ಮಾತು ಬೈಯಲೇಬೇಕೆಂದು ಆದದ್ದನ್ನೆಲ್ಲ ಹೇಳಿದೆ. ಆ ಕಡೆಯಿಂದ ನಾದಿನಿಯ ಅತ್ತೆ ಲೊಚಗುಟ್ಟಿದ ಸದ್ದು.

"ಅಯ್ಯೋ, ನಾನು ಅವತ್ತೇ ಅಂದೆ, ಹೂರಣಕ್ಕೆ ಬೆಲ್ಲ ಜಾಸ್ತಿ ಆಗೈತೆ ಅಂತ. ಪಾಪ, ಶುಗರ್ ಇರೋ ಕೂಸು."

೬. ಹರಕೆ

ಅಲ್ಲಿಂದ ಮುಂದೆ ಯಾವ ನಾಮಕರಣಕ್ಕೂ ಹೋಗಲಿಲ್ಲ, ಯಾವ ಗೃಹಪ್ರವೇಶಕ್ಕೂ ಹೋಗಲಿಲ್ಲ. ಸೊಕ್ಕಿನವಳು ಅನ್ನಿಸಿಕೊಂಡೆ. ಹೋದ ವಾರ ಮತ್ತೆ ಚಿತ್ರದುರ್ಗಕ್ಕೆ ಹೋದಾಗ ಮಗಳು ಎರಡು ಕೇಜಿ ಹೆಚ್ಚಿದ್ದಳು. ಡಾಕ್ಟರು ನಕ್ಕರು. "ಹೀಗೇ ನಡೆಸಿಕೊಂಡು ಹೋಗಿ. ನೆನಪಿರಲಿ, ಇದು ಜೀವನಪೂರ್ತಿ" ಅಂದರು.

ಹೊರಗೆ ಬಂದ ಕೂಡಲೇ ಅತ್ತೆ ಅಂದರು. "ಮಠಕ್ಕೆ ಹೋಗಾಣ ನಡಿ. ಮೊಮ್ಮಗಳು ಮೈ ಹಿಡಿದ್ರೆ ದಾಸೋಹಕ್ಕೆ ಒಂದು ಹೊತ್ತಿನ ಸಿಹಿ ಮಾಡಿಸ್ತೀನಿ ಅಂತ ಹರಕೆ ಹೊತ್ತಿದ್ದೆ. ನಿನ್ನೆನೇ ಹೇಳಿ ಕಳ್ಸೀನಿ."

"ಯಾವ ಸಿಹಿ ಅತ್ತೆ?"

"ಇನ್ಯಾವುದು? ಗೋಧಿ ಹುಗ್ಗಿ."

ಗೋಧಿ ಬಿಟ್ಟು ಮಗು ಉಳಿಯಿತೆಂದು ಊರಿಗೆಲ್ಲ ಗೋಧಿ ತಿನ್ನಿಸುವ ಹರಕೆ. ನಾನು ನಗಬೇಕೋ ಅಳಬೇಕೋ ತಿಳಿಯದೆ ಅವರ ಹಿಂದೆ ನಡೆದೆ.

ಪಂಕ್ತಿಯಲ್ಲಿ ಕೂತೆವು. ನಾನು ಡಬ್ಬಿ ತೆಗೆದು ಮಗಳ ಮುಂದಿಟ್ಟೆ. ಬಡಿಸುವವರು ಹುಗ್ಗಿಯ ಬಕೆಟ್ಟು ಹಿಡಿದು ಬಂದರು. "ಹರಕೆ ಮಗು ಇದೇ ಅಲ್ವಾ? ಹಾಕಿಸ್ಕಳವ್ವ."

"ಅವಳಿಗೆ ಬೇಡ್ರಿ" ಅಂದೆ.

"ಪ್ರಸಾದ ಬ್ಯಾಡ ಅನ್ನಬಾರ್ದು ತಾಯಿ. ಒಂದು ಚಮಚ ತಿಂದ್ರೆ ಏನಾಗ್ತೈತೆ?"

ಆಚೆ ಈಚೆಯವರೆಲ್ಲ ಊಟ ನಿಲ್ಲಿಸಿ ನನ್ನನ್ನೇ ನೋಡಿದರು. ಒಬ್ಬಾಕೆ, "ಪ್ರಸಾದ ತಡೀತಾಳಲ್ಲ, ಎಂಥ ತಾಯಿ" ಅಂದರು. ಸೌಟು ಮಗಳ ತಟ್ಟೆಯ ಮೇಲೆ ಬಂದೇ ಬಿಟ್ಟಿತು. ಎಂಟು ತಿಂಗಳಿಂದ ಕಟ್ಟಿಟ್ಟಿದ್ದ ಬೈಗುಳವನ್ನೆಲ್ಲ ಬಿಚ್ಚಲು ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಮಗಳು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಥೇಟ್ ಅವರಜ್ಜಿಯ ದನಿಯಲ್ಲಿ ಅಂದಳು.

"ನಂಗೆ ಗೋಧಿ ಒಪ್ಪತ್ತು ಐತೆ."

ಸೌಟು ಅಲ್ಲೇ ನಿಂತಿತು. ಆ ಮನುಷ್ಯ ಬಕೆಟ್ಟು ಕೆಳಗಿಟ್ಟು ಕೈ ಮುಗಿದರು. "ತಪ್ಪಾತು ತಾಯಿ, ಗೊತ್ತಾಗಲಿಲ್ಲ" ಅಂದರು. ಒಳಗಿಂದ ಬಾಳೆಹಣ್ಣು ಬಂತು, ಹಾಲು ಬಂತು, ದ್ರಾಕ್ಷಿ ಕಲ್ಲುಸಕ್ಕರೆ ಬಂತು. ನನ್ನನ್ನು ಎಂಥ ತಾಯಿ ಅಂದಿದ್ದಾಕೆ ಎದ್ದು ಬಂದು, "ಇಷ್ಟು ಸಣ್ಣ ವಯಸ್ಸಿಗೆ ಎಂಥ ನೇಮ!" ಎಂದು ಮಗುವಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಗ್ಲುಟೆನ್, ಕರುಳು, ಡಾಕ್ಟರು ಎಂದು ನಾನು ಎಂಟು ತಿಂಗಳು ಗಂಟಲು ಹರಿದುಕೊಂಡರೂ ಆಗದ ಕೆಲಸ ಒಂದೇ ಮಾತಿನಲ್ಲಿ ಆಗಿಹೋಯಿತು. ಕೈತೊಳೆಯುವ ಕಡೆ ಆಕೆ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು. "ನನ್ನ ಮಗಳಿಗೆ ಗಂಡು ಕೂಡಿಬರ್ತಿಲ್ಲ. ನಾಳೆಯಿಂದ ನಾನೂ ಗೋಧಿ ಒಪ್ಪತ್ತು ಹಿಡೀತೀನಿ. ಉಪ್ಪಿಟ್ಟು ತಿನ್ಬೋದಲ್ವಾ?"

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಕೊಟ್ಟೆ.

ಹಿರಿಯೂರಿನ ಬಸ್ಸಿನಲ್ಲಿ ಅತ್ತೆ ಕಿಟಕಿ ಹತ್ತಿರ ಕೂತರು. ಮೊಮ್ಮಗಳ ಬುದ್ಧಿವಂತಿಕೆಯನ್ನು ಹಿಂದಿನ ಸೀಟಿನವರಿಗೂ ಹೇಳಿ ಮುಗಿಸಿದ್ದರು. ಮಗಳು ನನ್ನ ತೊಡೆಯ ಮೇಲೆ ಕಲ್ಲುಸಕ್ಕರೆ ಚೀಪುತ್ತಿದ್ದವಳು ತಲೆಯೆತ್ತಿ ಒಂದು ಮಾತು ಕೇಳಿದಳು. ಅತ್ತೆ ಥಟ್ಟನೆ ಕಿಟಕಿಯ ಆಚೆ ಮುಖ ತಿರುಗಿಸಿದರು. ಬೀದಿಗೆಲ್ಲ ಜವಾಬು ಕೊಟ್ಟ ನಾನು ಸೆರಗಿನಿಂದ ಅವಳ ಅಂಟು ಬಾಯಿ ಒರೆಸಿದೆ.

"ಅವ್ವಾ, ಅಜ್ಜಿ ಒಪ್ಪತ್ತು ಮಂಗಳವಾರ ಬೆಳಿಗ್ಗೆ ಮುಗಿದುಹೋಗ್ತೈತೆ. ನಂದು ಯಾವ ವಾರ ಮುಗಿಯಾದು?"