ಕತ್ತರಿಗೆ ಸಿಕ್ಕ ಹೋಂ ಥಿಯೇಟರ್

ಷಡ್ಡಕನ ಮನೆಗೆ ಹೋಂ ಥಿಯೇಟರ್ ಬಂತೆಂಬ ಸುದ್ದಿ ಕಿವಿಗೆ ಬಿದ್ದ ದಿನವೇ ನಾನು ಊಟದ ಮೇಜು ಗುದ್ದಿ ಘೋಷಿಸಿಬಿಟ್ಟೆ: "ಅವರು ಸುರಿದ ದುಡ್ಡಿನ ಅರ್ಧದಲ್ಲಿ, ಅವರದಕ್ಕಿಂತ ಜೋರಾದ ಹೋಂ ಥಿಯೇಟರ್ ಈ ಮನೆಗೆ ತರದೇ ಹೋದ್ರೆ ನನ್ನ ಹೆಸರು ಕತ್ತರಿಯೇ ಅಲ್ಲ."

"ಅದು ನಿಮ್ಮ ಹೆಸರು ಅಲ್ಲವೇ ಅಲ್ಲ," ಎಂದಳು ಹೆಂಡತಿ, ನೀರಿನ ಲೋಟ ಉರುಳದಂತೆ ಹಿಡಿದುಕೊಂಡು. "ಆಫೀಸಿನವರು ನಿಮ್ಮ ಬೆನ್ನ ಹಿಂದೆ ಆಡ್ಕೊಳ್ಳೋದು."

ಬೆನ್ನ ಹಿಂದೆಯೋ ಮುಂದೆಯೋ, ನನ್ನ ಪಾಲಿಗೆ ಅದು ಬಿರುದು. ನಾನು ಕಚೇರಿಯ ಖರೀದಿ ವಿಭಾಗದವನು. ಯಾವ ಕೊಟೇಶನ್ ಬಂದರೂ ಅದರಲ್ಲೊಂದು ಸಾಲು ದಂಡದ್ದೇ ಆಗಿರುತ್ತದೆ ಎಂಬುದು ನನ್ನ ಸಿದ್ಧಾಂತ. ಕೆಂಪು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕದೆ ನಾನು ಇಂದಿನವರೆಗೆ ಸಹಿ ಹಾಕಿದವನಲ್ಲ. ಮ್ಯಾನೇಜರಿಗೆ ಹೊಸ ಕುರ್ಚಿ ತರಿಸುವಾಗ 'ಕೈಗಳು' ಎಂಬ ಸಾಲಿತ್ತು. ಹೊಡೆದೆ. ಕೂರುವುದಕ್ಕೆ ಕೈ ಯಾಕೆ ಬೇಕು? ಕುರ್ಚಿ ಬಂದ ಮಧ್ಯಾಹ್ನವೇ ಮ್ಯಾನೇಜರು ಎಂದಿನಂತೆ ತೂಕಡಿಸುತ್ತಾ ಪಕ್ಕಕ್ಕೆ ವಾಲಿದರು, ನೆಲ ಸೇರಿದರು. ಅಂದಿನಿಂದ ಅವರು ಮಧ್ಯಾಹ್ನವೂ ಎಚ್ಚರವಾಗಿರುತ್ತಾರೆ. ಉಳಿತಾಯದ ಜೊತೆಗೆ ಆಡಳಿತ ಸುಧಾರಣೆ!

ಆದರೆ ಈ ಸಲದ ಪ್ರತಿಜ್ಞೆ ಬರೀ ಷಡ್ಡಕನ ಮೇಲಿನ ಹೊಟ್ಟೆಯುರಿಯಿಂದ ಮಾಡಿದ್ದಲ್ಲ. ಹೊಟ್ಟೆಯುರಿ ಇತ್ತು, ಇಲ್ಲವೆನ್ನುವುದಿಲ್ಲ. ಅಸಲು ವಿಷಯ ನಮ್ಮ ಅತ್ತೆಯದು. ಹೆಂಡತಿಯ ತಾಯಿ, ಆರು ವರ್ಷದಿಂದ ನಮ್ಮ ಜೊತೆಗಿರುವವರು. ಅವರ ಕಿವಿ ಮಂದವಾಗಿ ಬಹಳ ಕಾಲವಾಗಿತ್ತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, "ಚಮಚ ಬಿದ್ರೂ ಚಾವಣಿ ಬಿದ್ದ ಹಾಗೆ ಕೇಳ್ಸುತ್ತೆ," ಎಂದು ಡಬ್ಬಿಯಲ್ಲಿಟ್ಟು ಮುಚ್ಚಿಬಿಟ್ಟರು. ಸಿನಿಮಾ ಅಂದರೆ ಅವರಿಗೆ ಪ್ರಾಣ. ನಮ್ಮ ಅಂಗೈಯಗಲದ ಟಿವಿಯಲ್ಲಿ ಅವರಿಗೆ ಏನೂ ಕಾಣಿಸುತ್ತಿರಲಿಲ್ಲ, ಏನೂ ಕೇಳಿಸುತ್ತಿರಲಿಲ್ಲ. ಬರಬರುತ್ತಾ ಭಾನುವಾರದ ಸಿನಿಮಾಕ್ಕೆ ನಮ್ಮ ಜೊತೆ ಕೂರುವುದನ್ನೇ ಬಿಟ್ಟರು.

ಹೀಗಿರುವಾಗ ದೊಡ್ಡ ಮಗಳ ಮನೆಗೆ, ಅಂದರೆ ಅದೇ ಷಡ್ಡಕನ ಮನೆಗೆ, ಹೋಗಿಬಂದವರು ಮುಖವರಳಿಸಿಕೊಂಡು ಹೇಳಿದರು: "ಅಲ್ಲಿ ಒಂದೊಂದು ಮಾತೂ ಕೇಳ್ಸುತ್ತೆ ಕಣೇ." ಹಿಂದೆಯೇ ಅತ್ತಿಗೆಯ ಫೋನು, "ಅಮ್ಮ ಇನ್ಮೇಲೆ ಇಲ್ಲೇ ಇರ್ಲಿ ಬಿಡು. ಭಾನುವಾರ ಬಂದು ಕರ್ಕೊಂಡು ಹೋಗ್ತೀವಿ." ಅತ್ತೆಯೂ ತಲೆಯಾಡಿಸಿದರು. "ನಿಮಗೂ ದಿನಾ ಕಿರಿಚೋ ಕಷ್ಟ ತಪ್ಪುತ್ತೆ," ಎಂದರು.

ಹೆಂಡತಿ ಅಮ್ಮನ ಶಾಲನ್ನು ಮಡಿಸಿ ಬ್ಯಾಗಿಗೆ ಹಾಕಿದಳು, ತೆಗೆದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ನನಗೂ ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಈ ಮನೆಯಲ್ಲಿ ನನ್ನ ಜೋಕಿಗೆ ನಗುವವರು ಅವರೊಬ್ಬರೇ. ಪಾಪ, ಕೇಳಿಸದಿದ್ದರೂ ನಗುತ್ತಿದ್ದರು.

ಶನಿವಾರ ಬೆಳಿಗ್ಗೆ ಅಂಗಡಿಗೆ ಹೊರಟೆ, ಜೇಬಿನಲ್ಲಿ ಕೆಂಪು ಪೆನ್ನು. ಅಂಗಡಿಯವನು ಒಂದು ಕೈಯಲ್ಲಿ ಫೋನು ನೋಡುತ್ತಾ ಇನ್ನೊಂದು ಕೈಯಲ್ಲಿ ಕೊಟೇಶನ್ ಬರೆದುಕೊಟ್ಟ. ದೊಡ್ಡ ತೆರೆಯ ಟಿವಿ. ಎಲ್ಲಕ್ಕೂ ಸದ್ದು ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ. ಮುಂದೆ ಎರಡು ಸ್ಪೀಕರ್, ಹಿಂದೆ ಎರಡು. ಗುಡುಗಿಗೊಂದು ವೂಫರ್. ಜೋಡಿಸಿಕೊಡುವ ಕೂಲಿ. ಮೊತ್ತ ನೋಡಿದೆ, ಷಡ್ಡಕನ ಅರ್ಧಕ್ಕಿಂತ ಮೇಲಿತ್ತು. ಮೊದಲು ಕೂಲಿಯ ಸಾಲು ಹೊಡೆದೆ. ಸಾಲಲಿಲ್ಲ. ಮೇಲಿಂದ ಕೆಳಕ್ಕೆ ಕಣ್ಣಾಡಿಸಿದೆ. ಸಿಕ್ಕಿತು!

"ಈ 'ನಡುವಿನ ಸ್ಪೀಕರ್' ಅಂದ್ರೆ ಏನ್ರೀ?"

"ಟಿವಿ ಕೆಳಗೆ ಮಧ್ಯದಲ್ಲಿ ಇಡೋದು ಸಾರ್."

"ಎಡಕ್ಕೊಂದಿದೆ, ಬಲಕ್ಕೊಂದಿದೆ. ಇಬ್ಬರ ಮಧ್ಯೆ ಇದೊಂದು ಯಾಕೆ, ಪಂಚಾಯ್ತಿ ಮಾಡೋಕಾ?"

"ಸೆಟ್ಟಲ್ಲಿ ಬರುತ್ತೆ ಸಾರ್. ಎಲ್ರೂ ತಗೋತಾರೆ," ಎಂದ, ಫೋನಿನಿಂದ ಕಣ್ಣೆತ್ತದೆ.

ಎಲ್ಲರೂ ತೆಗೆದುಕೊಳ್ಳುತ್ತಾರೆ! ಈ ಮಾತು ಕೇಳಿದರೆ ಸಾಕು, ನನ್ನ ಕೆಂಪು ಪೆನ್ನಿಗೆ ಮೈಯೆಲ್ಲ ತುರಿಕೆ. ಸರ್ರನೆ ಗೀಟು ಎಳೆದೆ. ಅಂಗಡಿಯವನು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. "ಬದ್ಲಿಗೆ ಹಾಡೋ ಮೈಕು ಕೊಡ್ಲಾ? ಫ್ರೀ," ಎಂದ. ಫ್ರೀ ಎಂದಮೇಲೆ ಕೇಳುವುದೇನಿದೆ? ಷಡ್ಡಕನ ಅರ್ಧಕ್ಕಿಂತ ಒಂದು ಕೂದಲೆಳೆ ಕಡಿಮೆ ಬೆಲೆಗೆ, ಮೇಲೊಂದು ಮೈಕೂ ಸಂಪಾದಿಸಿಕೊಂಡು, ದಂಡಯಾತ್ರೆ ಮುಗಿಸಿದ ಚಕ್ರವರ್ತಿಯ ಗತ್ತಿನಲ್ಲಿ ಆಟೋ ಹತ್ತಿದೆ.

ಕೂಲಿ ಉಳಿಸಿದವನು ಕೂಲಿಯಾಗಲೇಬೇಕಲ್ಲ. ಮಧ್ಯಾಹ್ನವಿಡೀ ವೈರು ಎಳೆದೆ. ಸೋಫಾದ ಕೆಳಗೆ ತಲೆ ತೂರಿಸಿದವನು ಹೊರಗೆ ಬರಲಾಗದೆ ಹೆಂಡತಿಯಿಂದ ಕಾಲು ಹಿಡಿಸಿ ಎಳೆಸಿಕೊಂಡೆ. ಹಿಂದಿನ ಸ್ಪೀಕರ್ ಒಂದನ್ನು ಪುಸ್ತಕದ ಕಪಾಟಿನ ಮೇಲಿಟ್ಟೆ, ಇನ್ನೊಂದಕ್ಕೆ ಜಾಗವಿಲ್ಲದೆ ಫ್ರಿಜ್ಜಿನ ಮೇಲೇರಿಸಿದೆ. ವೂಫರಿಗೆ ಪಾತ್ರೆ ಸ್ಟ್ಯಾಂಡಿನ ಪಕ್ಕದ ಮೂಲೆಯೊಂದೇ ಗತಿಯಾಯಿತು.

"ರೀ, ಈ ವೈರು ಬಾಗಿಲಿಗೆ ಅಡ್ಡ ಬಂದಿದೆ."

"ದಾಟ್ಕೊಂಡು ಓಡಾಡು."

"ಆ ವೈರೂ ಅಡ್ಡ ಬಂದಿದೆ."

"ಅದನ್ನೂ ದಾಟು. ವ್ಯಾಯಾಮ ಆಗುತ್ತೆ."

ಅತ್ತೆ ಒಂದು ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತು, ಕದಲದೆ ಎಲ್ಲವನ್ನೂ ನೋಡುತ್ತಿದ್ದರು. ನಾನು ಸ್ಟೂಲಿನ ಮೇಲೆ ನಿಂತು ವೈರಿಗೆ ಸಿಕ್ಕಿಬಿದ್ದು ಒದ್ದಾಡುವಾಗಲೂ ಕಣ್ಣು ಮಿಟುಕಿಸಲಿಲ್ಲ. ದನಿಯನ್ನು ಪೂರಾ ತಗ್ಗಿಸಿ ಹೆಂಡತಿಗೆ ಗೊಣಗಿದೆ: "ನಿಮ್ಮಮ್ಮ ನೋಡು, ಸರ್ಕಸ್ಸಿಗೆ ಬಂದವರ ಹಾಗೆ ಮುಂದಿನ ಸಾಲಲ್ಲೇ ಕೂತಿದ್ದಾರೆ. ಟಿಕೆಟ್ ವಸೂಲಿ ಮಾಡ್ಬೇಕಿತ್ತು."

"ಷ್, ಕೇಳಿಸ್ಕೊಂಡಾರು."

"ಕೇಳಿಸಿದ್ರೆ ಈ ವೈರೆಲ್ಲ ಯಾಕೆ ಎಳೀತಿದ್ದೆ?"

ಅತ್ತೆ ಸಣ್ಣಗೆ ನಕ್ಕರು. ಪಾಪ, ಏನೋ ಜೋಕು ಹೇಳಿದೆ ಅಂದುಕೊಂಡಿರಬೇಕು ಎಂದು ನಾನೂ ನಕ್ಕೆ.

ಭಾನುವಾರ ಷಡ್ಡಕ ಮತ್ತು ಅತ್ತಿಗೆ ಕಾರು ತಂದರು. ಅತ್ತೆಯ ಬ್ಯಾಗು ಆಗಲೇ ಬಾಗಿಲ ಬಳಿ ಕೂತಿತ್ತು. "ಅವಸರ ಏನಿದೆ ಭಾವನವರೇ? ಒಂದು ಸಿನಿಮಾ ನೋಡ್ಕೊಂಡು ಹೋಗಿ. ಆಮೇಲೆ ಅತ್ತೆಯೇ ತೀರ್ಮಾನ ಮಾಡ್ಲಿ, ಎಲ್ಲಿರೋದು ಅಂತ," ಎಂದು ಸವಾಲು ಹಾಕಿ ಎಲ್ಲರನ್ನೂ ಕೂರಿಸಿದೆ. ಹೆಂಡತಿ ಬ್ಯಾಗಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. ಆ ನೋಟದಲ್ಲಿ ಅವಳ ಪ್ರಾಣವೆಲ್ಲ ಇತ್ತು. ನಾನು ಮೀಸೆ ತಿರುವಿ ಗುಂಡಿ ಒತ್ತಿದೆ.

ಪತ್ತೇದಾರಿ ಸಿನಿಮಾ. ಮಳೆಯಿಂದ ಶುರು. ಆಹಾ, ಎಂಥ ಮಳೆ! ಷಡ್ಡಕ ಕೂತಲ್ಲೇ ಭುಜ ಒರೆಸಿಕೊಂಡರು. ಕಪಾಟಿನ ಮೇಲಿಂದ ಹೊರಟ ರೈಲು ನಮ್ಮ ತಲೆಯ ಮೇಲೆ ಹಾದು ಫ್ರಿಜ್ಜಿನೊಳಗೆ ಹೋಯಿತು. ಗುಡುಗು ಬಡಿದೊಡನೆ ಪಾತ್ರೆ ಸ್ಟ್ಯಾಂಡಿನಿಂದ ತಟ್ಟೆಗಳು ಒಂದೊಂದಾಗಿ ಕೆಳಗಿಳಿದವು. ನಾನು ಷಡ್ಡಕನತ್ತ ಓರೆಗಣ್ಣು ಹಾಯಿಸಿದೆ. ಅವರ ಮುಖ ಸಪ್ಪಗಾಗುವುದನ್ನು ನೋಡಿ ನನಗಾದ ಆನಂದವನ್ನು ಹೇಗೆ ವರ್ಣಿಸಲಿ!

ರೈಲಿನಿಂದ ಪತ್ತೇದಾರ ಇಳಿದ. ಎದುರಿಗೆ ಬಂದ ಡಾಕ್ಟರನ್ನು ನೋಡಿ ಬಾಯಿ ತೆರೆದ. ಬಾಯಿ ಮುಚ್ಚಿದ. ಡಾಕ್ಟರೂ ಬಾಯಿ ತೆರೆದ, ಮುಚ್ಚಿದ. ಮಳೆ ಮಾತ್ರ ಸುರಿಯುತ್ತಿತ್ತು.

"ಏನಂದ?" ಎಂದರು ಷಡ್ಡಕ.

"ಇದು ಮೌನದ ದೃಶ್ಯ," ಎಂದೆ. "ದೊಡ್ಡ ನಿರ್ದೇಶಕರು ಹೀಗೇ ಮಾಡೋದು."

ಮುಂದಿನ ದೃಶ್ಯದಲ್ಲಿ ತುಂಬಿದ ಮನೆ. ಪಿಂಗಾಣಿ ಬಟ್ಟಲು ತಟ್ಟೆಗೆ ತಾಗಿದ್ದು ಕೇಳಿತು, ಗಡಿಯಾರ ಟಿಕ್ ಅಂದದ್ದು ಕೇಳಿತು, ಬೆಕ್ಕು ಮೈ ಕೊಡವಿದ್ದೂ ಕೇಳಿತು. ಮನುಷ್ಯರ ಮಾತು ಒಂದಕ್ಷರ ಇಲ್ಲ. ವಾಲ್ಯೂಮ್ ಏರಿಸಿದೆ. ಬಾಗಿಲು ಬಡಿದ ಸದ್ದಿಗೆ ಉಳಿದ ತಟ್ಟೆಗಳೂ ಇಳಿದವು, ಜೊತೆಗೆ ನಿಜವಾದ ಬಾಗಿಲೂ ಬಡಿಯಿತು. ಕೆಳಮನೆಯವರು ನಿಂತಿದ್ದರು.

"ನಿಮ್ಮ ರೈಲು ಇನ್ನೂ ಎಷ್ಟು ಹೊತ್ತು ಓಡುತ್ತೆ? ನಮ್ಮ ಮನೆ ಗೋಡೆ ಗಡಿಯಾರ ನಿಂತುಹೋಯ್ತು."

"ರೈಲು ಹೋಯ್ತು. ಈಗ ಕೊಲೆ ಆಗೋದಿದೆ," ಎಂದಳು ಹೆಂಡತಿ ಹತಾಶೆಯಿಂದ.

"ಹೌದಾ? ಯಾರದ್ದು?" ಎಂದು ಅವರೂ ಒಳಬಂದು ಕೂತರು.

ನಾನು ಉಪಾಯವಾಗಿ ಕೈಪಿಡಿ ಹಿಡಿದು ಅಡುಗೆಮನೆಗೆ ಜಾರಿದೆ. ಪುಟ ತಿರುವಿದೆ. ಒಂದು ಕಡೆ ದಪ್ಪಕ್ಷರದಲ್ಲಿ ಮುದ್ರಿಸಿದ್ದರು: ಚಿತ್ರದ ಸಂಭಾಷಣೆ ಬಹುತೇಕ ನಡುವಿನ ಸ್ಪೀಕರಿನಿಂದ ಬರುತ್ತದೆ. ಮಳೆ, ಗುಡುಗು, ರೈಲು, ಬೆಕ್ಕು ಎಲ್ಲವನ್ನೂ ಉಳಿಸಿಕೊಂಡು ಮಾತನ್ನೇ ಹೊಡೆದುಹಾಕಿದ್ದೆ. ಅದೂ ಮಾತು ಕೇಳಿಸಲೆಂದೇ ತಂದ ಯಂತ್ರದಲ್ಲಿ!

ಅಷ್ಟರಲ್ಲಿ ಹಾಲಿನಲ್ಲಿ ಯಾರೋ ಕಿಲಕಿಲ ನಕ್ಕರು. ಇಣುಕಿ ನೋಡಿದರೆ ಅತ್ತೆ.

"ಯಾಕಮ್ಮ?" ಎಂದಳು ಹೆಂಡತಿ, ಅಭ್ಯಾಸಬಲದಿಂದ ಕಿರಿಚಿ.

"ಆ ಡಾಕ್ಟ್ರು ಹೇಳಿದ್ದಕ್ಕೆ ಕಣೇ. 'ಸತ್ತವನು ನನ್ನ ರೋಗಿ ಅಲ್ಲ, ನನ್ನ ರೋಗಿ ಆಗಿದ್ರೆ ಮೊದ್ಲೇ ಸಾಯ್ತಿದ್ದ' ಅಂದ."

ಎಲ್ಲರೂ ಅವರತ್ತ ತಿರುಗಿದರು. "ನಿಂಗೆ ಹೇಗಮ್ಮ ಗೊತ್ತಾಯ್ತು?" ಎಂದರು ಅತ್ತಿಗೆ.

"ಇದೊಳ್ಳೆ ಕತೆ. ತುಟಿ ಕಾಣ್ಸಲ್ವಾ ಅಷ್ಟು ದೊಡ್ಡದಾಗಿ? ಕಿವಿ ಹೋದಾಗಿಂದ ನಿಮ್ಮೆಲ್ಲರ ತುಟಿ ನೋಡ್ಕೊಂಡೇ ಅಲ್ವಾ ನಾನು ಬದುಕಿರೋದು? ಆ ಹಳೇ ಟಿವಿಲಿ ತಲೆಯೇ ಸಾಸಿವೆಯಷ್ಟು, ತುಟಿ ಎಲ್ಲಿಂದ ಕಾಣ್ಬೇಕು?"

ಆಮೇಲೆ ನೋಡಬೇಕಿತ್ತು! ಕೆಳಮನೆಯವರು ಮುಂದಕ್ಕೆ ಸರಿದರು, ಷಡ್ಡಕ ಟಿವಿ ಬಿಟ್ಟು ಅತ್ತೆಯ ಕಡೆ ತಿರುಗಿ ಕೂತರು. ಗುಡುಗಿನ ನಡುವೆ ಅತ್ತೆಯ ದನಿ ಕೇಳಿಸದೇ ಹೋದಾಗ ಹೆಂಡತಿ ಎದ್ದು ಆ ಫ್ರೀ ಮೈಕು ತಂದು ಸಿಕ್ಕಿಸಿ ಅಮ್ಮನ ಕೈಗಿಟ್ಟಳು. ನಾಲ್ಕೂ ಸ್ಪೀಕರಿನಿಂದ ಅತ್ತೆ ಮೊಳಗಿದರು. ಪತ್ತೇದಾರನಿಗೆ ಗಡಸು ದನಿ, ನಾಯಕಿಗೆ ಬಳುಕುವ ದನಿ, ಸಾಹುಕಾರನಿಗೆ ಕೆಮ್ಮು. ನಡುನಡುವೆ ಸ್ವಂತ ಅಭಿಪ್ರಾಯವೂ ಇತ್ತು: "ಇವಳು ಅಳ್ತಿರೋದು ಸುಳ್ಳು." ಶವದ ದೃಶ್ಯದಲ್ಲಿ ಎಲ್ಲರೂ ತಲೆತಗ್ಗಿಸಿ ನಿಂತಿದ್ದರೆ ಅತ್ತೆ, "ಹಿಂದಿನ ಸಾಲಲ್ಲಿರೋ ಇಬ್ರು, ಇವತ್ತಾದ್ರೂ ಊಟ ಬೇಗ ಬರುತ್ತಾ ಅಂತ ಕೇಳ್ಕೋತಿದ್ದಾರೆ," ಎಂದರು. ಷಡ್ಡಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ದುಬಾರಿ ಯಂತ್ರದಲ್ಲಿ ಇದೆಲ್ಲಿ ಕೇಳಿಸಬೇಕು!

ನಾನು ಇದೇ ಸಮಯವೆಂದು ಹೆಂಡತಿಯನ್ನು ಅಡುಗೆಮನೆ ಬಾಗಿಲಿಗೆ ಕರೆದು ಪಿಸುಗುಟ್ಟಿದೆ. ಹಾಲಿನಲ್ಲಿ ಅತ್ತೆ ಅದೇ ಗಡಸು ದನಿಯಲ್ಲಿ ಮುಂದುವರಿಸುತ್ತಿದ್ದರು: "ಪತ್ತೇದಾರ ಹೇಳ್ತಾನೆ, ಅಪರಾಧಿ ಈ ಮನೆಯೊಳಗೇ ಇದ್ದಾನೆ. ಅಡುಗೆಮನೆ ಬಾಗಿಲಲ್ಲಿ ನಮ್ಮ ಅಳಿಯಂದಿರು ಹೇಳ್ತಾರೆ, 'ಲೇ, ಮಾತು ಬರೋ ಡಬ್ಬಿ ನಾನೇ ಬೇಡ ಅಂತ ಹೊಡೆದುಹಾಕಿದ್ದು. ಷಡ್ಡಕನಿಗೆ ಗೊತ್ತಾದ್ರೆ ನನ್ನ ಮಾನ ಹರಾಜು. ಕರೆಂಟಿನ ತೊಂದರೆ ಅಂದುಬಿಡೋಣ.'"

ನಾಲ್ಕು ಸ್ಪೀಕರು, ಒಂದು ವೂಫರು. ನನ್ನ ಮಾನ ಕೆಳಮನೆಯವರೆಗೂ ಸ್ಪಷ್ಟವಾಗಿ ತಲುಪಿತು. ಕೆಳಮನೆಯವರು ಮೇಲೆಯೇ ಇದ್ದದ್ದರಿಂದ ಇಲ್ಲಿಯೂ ತಲುಪಿತು.

ಹೆಂಡತಿ ಬಾಯಿಗೆ ಸೆರಗಿಟ್ಟು ನಗುತ್ತಿದ್ದವಳು ಒಮ್ಮೆಗೇ ಗಂಭೀರವಾದಳು. ಕೊಲೆಗಾರ ಸಿಕ್ಕಿದ್ದ, ಸಿನಿಮಾ ಮುಗಿದಿತ್ತು, ಷಡ್ಡಕ ಕಾರಿನ ಕೀ ಕೈಗೆತ್ತಿಕೊಂಡಿದ್ದರು. "ಹೊರಡೋಣ್ವಾ ಅತ್ತೆ? ನಮ್ಮನೇಲಿ ನಡುವಿನ ಸ್ಪೀಕರೂ ಇದೆ."

ಅತ್ತೆ ಮೈಕು ಕೆಳಗಿಡಲಿಲ್ಲ. "ನಿಮ್ಮನೇಲಿ ಎಲ್ಲ ಮಾತೂ ಯಂತ್ರವೇ ಹೇಳುತ್ತೆ. ನಾನು ಕೂತು ಕೇಳ್ಬೇಕು ಅಷ್ಟೇ. ಇಲ್ಲಿ ನಾನು ಹೇಳ್ತೀನಿ, ಎಲ್ರೂ ಕೂತು ಕೇಳ್ತಾರೆ. ಇಲ್ಲೇ ಇರ್ತೀನಿ. ನೀವು ಭಾನುವಾರ ಭಾನುವಾರ ಬನ್ನಿ, ಸಿನಿಮಾ ನೋಡೋಕೆ."

"ನಾನೂ ಬರ್ಬಹುದಾ?" ಎಂದರು ಕೆಳಮನೆಯವರು.

ಹೆಂಡತಿ ಹೋಗಿ ಬಾಗಿಲ ಬಳಿಯ ಬ್ಯಾಗು ಎತ್ತಿಕೊಂಡು, ಎರಡೂ ವೈರುಗಳನ್ನು ಚಂಗನೆ ದಾಟಿ ಒಳಕೋಣೆಗೆ ಹೋದಳು. ಶಾಲು ತೆಗೆದು ಬಿಚ್ಚಿದಳು. ಈ ಸಲ ಮತ್ತೆ ಮಡಿಸಲಿಲ್ಲ. ಅರ್ಧ ಬೆಲೆಗೆ ತಂದೆ, ಅತ್ತೆಯನ್ನೂ ಉಳಿಸಿಕೊಂಡೆ, ಹೊಡೆದುಹಾಕಿದ ಸಾಲಿನಿಂದಲೇ ಗೆದ್ದೆ ಎಂದು ಎದೆಯುಬ್ಬಿಸಿ ಮೀಸೆಗೆ ಕೈಹಾಕಿದೆ.

ಆಗಲೇ ಅದು ಹೊಳೆದದ್ದು. ಆರು ವರ್ಷ. ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ ಈ ಮನೆಯ ಮೂಲೆಮೂಲೆಯಲ್ಲಿ ನಿಂತು ನಾನು ಗೊಣಗಿದ್ದು ಒಂದೇ ಎರಡೇ? ಮೀಸೆಯ ಮೇಲಿನ ಕೈ ತಾನಾಗಿಯೇ ಜಾರಿ ಬಾಯಿ ಮುಚ್ಚಿಕೊಂಡಿತು.

ಅತ್ತೆ ಪರ್ಸು ತೆರೆದರು. ಅದರಿಂದೊಂದು ನೋಟು ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಆಮೇಲೆ ಸಾವಕಾಶವಾಗಿ ಮೈಕು ಬಾಯಿಯ ಹತ್ತಿರ ತಂದರು.

"ಟಿಕೆಟ್ ದುಡ್ಡು ಅಳಿಯಂದಿರೇ, ಮುಂದಿನ ಸಾಲಿಂದು. ಸರ್ಕಸ್ಸಲ್ಲಿ ಕೋಡಂಗಿ ಪಾತ್ರ ಬಹಳ ಚೆನ್ನಾಗಿತ್ತು."