ಅಕ್ಕಿ ತುಂಬಿದೆ

ನಾನೂ ಒಂದು ಕಾಲದಲ್ಲಿ ಸತ್ಯಸಂಧನಾಗಿದ್ದೆ. ಒಟ್ಟು ಹನ್ನೊಂದು ದಿನ. ಅದಕ್ಕಿಂತ ಹೆಚ್ಚು ದಿನ ಬರೀ ನಿಜವನ್ನೇ ಆಡಿಕೊಂಡು ಸಂಸಾರ ಮಾಡಿದವರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ. ಅವರ ಹೆಂಡತಿಗೆ ಸಾಷ್ಟಾಂಗ ನಮಸ್ಕಾರ.

ಮದುವೆಯಾದ ಹೊಸತು. ಯಶವಂತಪುರದಲ್ಲಿ ಮುನಿಯಮ್ಮ ಎಂಬವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಮುನಿಯಮ್ಮ ಅಲ್ಲಿಯ ಹಳಬರು. ಒಂದು ದಿನ ನಮಗೆ ಉಪ್ಸಾರು ಕೊಟ್ಟು ಕಳಿಸಿದರು. ಬಾಯಿಗಿಟ್ಟರೆ ಬರೀ ಉಪ್ಪು! ಮಾರನೆಯ ದಿನ ಪಾತ್ರೆ ತಗೊಂಡು ಹೋಗಲು ಬಂದವರು, "ಎಂಗಿತ್ತವ್ವಾ ಉಪ್ಸಾರು?" ಎಂದರು. ನನ್ನ ಹೆಂಡತಿ ಸರೋಜ ಕಣ್ಣು ಮಿಟುಕಿಸದೆ, "ಅಯ್ಯೋ, ಬೆರಳು ಚೀಪೋ ಹಾಗಿತ್ತು!" ಎಂದಳು. ನನಗೆ ಎದೆ ಧಸಕ್ಕೆಂದಿತು. ಇಷ್ಟು ಸಲೀಸಾಗಿ ಸುಳ್ಳು ಹೇಳುವವಳು, ನಾನು ಹೆಣ್ಣು ನೋಡಲು ಹೋದಾಗ "ಹುಡುಗ ಒಪ್ಪಿಗೆ" ಅಂದಳಲ್ಲ, ಅದೇನು ಕಥೆ?

"ಸಣ್ಣ ಸುಳ್ಳೂ ಸುಳ್ಳೇ ಕಣೇ. ಇನ್ನು ಈ ಮನೆಯಲ್ಲಿ ನಿಜ ಬಿಟ್ಟು ಬೇರೆ ಮಾತಿಲ್ಲ" ಎಂದು ಸಾರಿ, ನೇರ ಹೋಗಿ ಮುನಿಯಮ್ಮನವರಿಗೆ, "ಉಪ್ಪು ಜಾಸ್ತಿಯಾಗಿತ್ತು" ಎಂದು ಹೇಳಿಯೂ ಬಂದೆ. ಅವರು "ಅಂಗಾ?" ಎಂದರು. ಅಷ್ಟೇ. ಅವತ್ತಿನಿಂದ ನಾನು ಎದುರು ಬಂದರೆ ಅವರು ಕೋಳಿಗಳ ಜೊತೆ ಮಾತಾಡುತ್ತಿದ್ದರು.

ಹನ್ನೊಂದನೆಯ ದಿನ ಭಾನುವಾರ. ನಮ್ಮ ಕಾರ್ಖಾನೆಯ ಸಾಹೇಬರು ಸಂಸಾರ ಸಮೇತ ಹೆಸರಘಟ್ಟದ ಕೆರೆ ನೋಡಲು ಹೊರಟಿದ್ದರು; ದಾರಿ ತೋರಿಸಲು ನಾನು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಆ ಕಾಗದ ಅವರ ಮೇಜಿನ ಮೇಲೇ ಕೂತಿತ್ತು. ನಾನು ಚಪ್ಪಲಿ ಮೆಟ್ಟುವಾಗ ಸರೋಜ ಕೈಗೊಂದು ಚೀಲ ಕೊಟ್ಟು, "ರೀ, ಅಕ್ಕಿ ತುಂಬಿದೆ, ಸಕ್ಕರೆನೂ ಹೆಚ್ಚಿದೆ. ಮರೀಬೇಡಿ" ಎಂದಳು.

ಅಕ್ಕಿಗೆ ರೇಷನ್ ಇದ್ದ ಕಾಲ ಅದು. ನಾವು ಇಷ್ಟು ಸ್ಥಿತಿವಂತರೆಂದು ನನಗೇ ಗೊತ್ತಿರಲಿಲ್ಲ! ಚೀಲ ಯಾಕೆಂದು ಮಾತ್ರ ಹೊಳೆಯಲಿಲ್ಲ. ಸೀಬೆಹಣ್ಣಿಗಿರಬೇಕೆಂದು ಹೆಸರಘಟ್ಟದಲ್ಲಿ ಅದರ ತುಂಬ ಸೀಬೆಹಣ್ಣು ಕೊಂಡೆ. ವಾಪಸು ಬರುವಾಗ ಚಿಕ್ಕಬಾಣಾವರ ದಾಟುತ್ತಿದ್ದಂತೆ ಸಾಹೇಬರ ಮಕ್ಕಳು ಹಸಿವು ಹಸಿವು ಎಂದು ಗಲಾಟೆ ಎಬ್ಬಿಸಿದವು. "ನಮ್ಮನೇಲೇ ಊಟ ಮಾಡ್ಕೊಂಡ್ ಹೋಗಿ ಸಾರ್. ಅಕ್ಕಿ ತುಂಬಿದೆ!" ಎಂದೆ ಎದೆಯುಬ್ಬಿಸಿ.

ಬಾಗಿಲಲ್ಲಿ ಐದು ಜನರನ್ನು ಕಂಡ ಸರೋಜ ಅರೆಕ್ಷಣ ನಿಂತಳು. ಆಮೇಲೆ, "ಬನ್ನಿ ಬನ್ನಿ, ಈಗ ತಾನೇ ನಿಮ್ಮ ವಿಷಯಾನೇ ಮಾತಾಡ್ತಿದ್ವಿ" ಎಂದಳು. ಮನೆಯಲ್ಲಿ ಅವಳೊಬ್ಬಳೇ. "ಯಾರ ಜೊತೆ?" ಎಂದು ಕೇಳಲು ಬಾಯಿ ತೆರೆದ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಕ್ಕಿ ಎಲ್ರೀ?"

"ಡಬ್ಬದಲ್ಲಿ! ತುಂಬಿದೆ ಅಂದ್ಯಲ್ಲೇ?"

ಅವಳು ಡಬ್ಬದ ಮುಚ್ಚಳ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದಳು. ಒಳಗೊಂದು ಜಿರಳೆ ಇತ್ತು, ಪಾಪ, ಅದೂ ನಿರಾಶೆಯಲ್ಲಿತ್ತು.

"ಅಕ್ಕಿ 'ಇಲ್ಲ' ಅಂತ ಬಾಯಿಬಿಟ್ಟು ಹೇಳ್ತಾರೇನ್ರೀ ಯಾರಾದ್ರೂ? ತುಂಬಿದೆ, ಹೆಚ್ಚಿದೆ ಅಂದ್ರೆ ಖಾಲಿ ಅಂತ! ಹೆಂಗಸರಿರೋ ಮನೇಲಿ ಬೆಳೆದೋರಿಗೆಲ್ಲ ಗೊತ್ತು."

ಅದೇ ನೋಡಿ, ತಾಯಿಯಿಲ್ಲದೆ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಅಲ್ಲಿ ಅನ್ನ ಮುಗಿದರೆ ಭಟ್ಟರು "ಖಾಲಿ, ಏಳಿ" ಎನ್ನುತ್ತಿದ್ದರು. "ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ" ಎಂದೆ, ಸತ್ಯಸಂಧನ ಗತ್ತಿನಲ್ಲೇ. ಸರೋಜಳ ಕಣ್ಣಲ್ಲಿ ನೀರು ತುಂಬಿತು. "ಹೇಳಿ. ಮದುವೆಯಾದ ಮೇಲೆ ಮೊದಲನೇ ಸಲ ನಮ್ಮನೆಗೆ ಊಟಕ್ಕೆ ಅಂತ ಬಂದೋರು. ಹೇಳಿ ಕಳ್ಸಿಬಿಡಿ" ಎಂದಳು. ನನ್ನ ಗತ್ತು ಅಲ್ಲೇ ಇಳಿದುಹೋಯಿತು.

ಆಗ ಹಿತ್ತಿಲ ಬಾಗಿಲಲ್ಲಿ ಮುನಿಯಮ್ಮ! ಸೆರಗಿನ ಮರೆಯಲ್ಲಿ ಮೊರ, ಮೊರದಲ್ಲಿ ಅಕ್ಕಿ. ನನ್ನ ಕಡೆ ನೋಡದೆ, "ನಮ್ಮನೇಲಿ ಅಕ್ಕಿ ಎಚ್ಚಾಗೈತೆ ಕಣವ್ವಾ, ಉಳ ಬಿದ್ ಓಯ್ತದೆ. ಇಡ್ಕೋ" ಎಂದು ಸುರಿದು ಹೊರಟೇಹೋದರು.

ಊಟ ಗಡದ್ದಾಗಿ ನಡೆಯಿತು. ಮೂರನೇ ಸಲ ಬಡಿಸಲು ಹೋದಾಗ ಸಾಹೇಬರು "ಬೇಡ, ಬೇಡ" ಎಂದು ಎಲೆಗೆ ಕೈ ಅಡ್ಡ ಹಿಡಿದರು, ಬೆರಳುಗಳ ನಡುವೆ ಮಾತ್ರ ಧಾರಾಳವಾಗಿ ಜಾಗ ಬಿಟ್ಟಿದ್ದರು. ಸರೋಜ "ನಂದು ಆಗ್ಲೇ ಆಯ್ತು" ಎಂದಳು. ನಾನು ಸಾಹೇಬರಿಗೆ, "ನೀವು ಬಂದದ್ದರಿಂದ ಏನೂ ತೊಂದರೆಯಾಗಲಿಲ್ಲ ಸಾರ್" ಎಂದೆ. ಹನ್ನೊಂದು ದಿನದ ವ್ರತ ಅಲ್ಲಿಗೆ ಸಮಾಪ್ತಿ.

ಅವರನ್ನು ಕಳಿಸಿಬಂದು, "ಪರವಾಗಿಲ್ಲ ಕಣೇ, ಮುನಿಯಮ್ಮನವರ ಹತ್ರ ಅಕ್ಕಿ ಭಾರೀ ಇದೆ" ಎಂದೆ. ಸರೋಜ ಸೀಬೆಹಣ್ಣು ಕಚ್ಚುತ್ತಾ ನನ್ನನ್ನೇ ನೋಡಿದಳು. "ಏನಂದ್ರು ಅವರು? ಹೆಚ್ಚಾಗಿದೆ ಅಂದ್ರಲ್ವಾ?" ಎಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸೀಬೆಹಣ್ಣಿನ ಚೀಲ ಹಿಡಿದು ಮುಂಭಾಗದ ಮುನಿಯಮ್ಮನವರ ಮನೆಗೆ ಹೋದೆ. ನಾಗಸಂದ್ರದಿಂದ ಅವರ ಅಳಿಯ ಬಂದಿದ್ದ. ದಿನವೂ ರಾಗಿಮುದ್ದೆ ಉಣ್ಣುವವರಾದರೂ ಅಳಿಯ ಬಂದ ದಿನ ಅನ್ನ ಮಾಡದ ಮನೆ ಆ ಸುತ್ತಿನಲ್ಲೇ ಇರಲಿಲ್ಲ. ಅವನ ಮುಂದೆ ಮುದ್ದೆ ಇತ್ತು. "ಉಣ್ಣಪ್ಪಾ, ಬಿಸಿಲ್ನಲ್ಲಿ ಬಂದಿದೀಯ, ಅನ್ನ ಉಂಡ್ರೆ ಮೈಗಾಗಾಕಿಲ್ಲ" ಎನ್ನುತ್ತಿದ್ದರು ಮುನಿಯಮ್ಮ.

ನನ್ನನ್ನು ಕಂಡದ್ದೇ ಕೂರಿಸಿ, ಮುದ್ದೆ ಇಟ್ಟು, ಉಪ್ಸಾರು ಬಿಟ್ಟರು. "ಇವತ್ತಾದ್ರೂ ಉಪ್ಪು ಸರಿಯಾಗೈತಾ ನೋಡಪ್ಪ" ಎಂದು ಎದುರಿಗೇ ನಿಂತರು.

ಬಾಯಿಗಿಟ್ಟೆ. ನಾನು ಹೇಳಿದ ನಿಜ ಅವರ ಮನಸ್ಸಿಗೆ ಎಷ್ಟು ನಾಟಿತ್ತೋ, ಉಪ್ಪೆಂಬುದು ಒಂದು ಹರಳೂ ಇರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನಿಜ ಹೇಳುವುದು ಸಾಧ್ಯವಿಲ್ಲ, ಸುಳ್ಳಿನಲ್ಲಿ ನನಗಿನ್ನೂ ಅಭ್ಯಾಸ ಸಾಲದು.

"ಉಪ್ಪು ತುಂಬಿದೆ, ಮುನಿಯಮ್ಮನೋರೇ" ಎಂದೆ.

ಅವರು ಒಂದು ಗಳಿಗೆ ಕಣ್ಣು ಕಿರಿದು ಮಾಡಿದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ಒಳಗೆ ಹೋಗಿ, ಉಪ್ಪಿನ ಮರಿಗೆಯನ್ನೇ ತಂದು ನನ್ನ ಮುಂದೆ ಇಟ್ಟರು.