ಕಾಕಾನ ಬ್ಯಾಟರಿ ಟಂಟಂಗೆ ನಾನು ಇಂಜಿನ್ ಆದದ್ದು

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಎದುರಿಗೆ ಯಾರು ನಿಂತರೂ ಐದು ನಿಮಿಷದಲ್ಲಿ ಅವರದೇ ದನಿ ನನ್ನ ಗಂಟಲಿನಿಂದ ಹೊರಬೀಳುತ್ತದೆ. ವಾಡಿ ಸ್ಟೇಷನ್ನಿನ ರೈಲು ಘೋಷಣೆಯ ಹೆಂಗಸು, ಚಿತ್ತಾಪುರದ ನನ್ನ ಗಣಿತದ ಮೇಷ್ಟ್ರು, ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಮೂಗಿನಿಂದಲೇ ಊರುಗಳ ಹೆಸರು ಕೂಗುವ ಕಂಡಕ್ಟರ್, ಎಲ್ಲರೂ ನನ್ನೊಳಗೆ ಬಾಡಿಗೆಯಿಲ್ಲದೆ ವಾಸವಾಗಿದ್ದಾರೆ. ಚಿಂಚೋಳಿಯ ಒಂದು ಮದುವೆಯಲ್ಲಿ ಬೀಗರ ದನಿಯಲ್ಲಿ ಬೀಗರನ್ನೇ ಊಟಕ್ಕೆ ಕರೆದು, ಊಟವಿಲ್ಲದೆ ಮನೆಗೆ ಬಂದವನು ನಾನು. ಇಂಥ ಬಾಯಿಯಿಂದ ಸರ್ಕಾರದ ಯೋಜನೆಯೊಂದು ಮುಳುಗುವ ಹಂತಕ್ಕೆ ಬಂತೆಂದರೆ ನೀವು ನಂಬಬೇಕು.

ನಮ್ಮ ಮಲ್ಲಣ್ಣ ಕಾಕಾನಿಗೆ ಸೇಡಂನಲ್ಲಿ ಒಂದು ಗ್ಯಾರೇಜು, ಒಂದು ಡೀಸೆಲ್ ಟಂಟಂ. ಟಂಟಂ ಎಂದರೆ ಮೂರು ಗಾಲಿಯ ಮೇಲೆ ಹದಿಮೂರು ಜನ ಕೂರುವ ವಾಹನ. ಹೊಗೆಯಿಲ್ಲದ ಗಾಡಿ ಮಾಡುವವರಿಗೆ ಸರ್ಕಾರ ಅನುದಾನ ಕೊಡುತ್ತದೆಂದು ಎಲ್ಲೋ ಕೇಳಿದ ಕಾಕಾ, ಮಾರನೆಯ ದಿನವೇ ಟಂಟಂನ ಹೊಟ್ಟೆ ಸೀಳಿ ಇಂಜಿನ್ ಹೊರಗೆಸೆದು, ಬ್ಯಾಟರಿ, ಮೋಟಾರು ಕೂಡಿಸಿಬಿಟ್ಟ. ಗಾಡಿ ಓಡಿತು. ಆದರೆ ಹಳೆಯ ಬ್ಯಾಟರಿ. ಪಕ್ಕದ ಹಳ್ಳಿ ಕೋಡ್ಲಾಕ್ಕೆ ಹೋಗಿ ಬರುವಷ್ಟರಲ್ಲಿ ಅದರ ಉಸಿರು ನಿಲ್ಲುತ್ತಿತ್ತು. ಅನುದಾನ ಬಂದರೆ ದೊಡ್ಡ ಬ್ಯಾಟರಿ, ಚಿತ್ತಾಪುರ, ಶಹಾಬಾದಿನವರೆಗೂ ಓಟ. ಬರದಿದ್ದರೆ? ಇಂಜಿನ್ ಆಗಲೇ ಗುಜರಿಗೆ ಹೋಗಿತ್ತು. ಹಿಂದೆ ಹೋಗಲು ದಾರಿಯೇ ಇರಲಿಲ್ಲ.

ಅರ್ಜಿ ತುಂಬಿದವನು ನಾನು. ‘ಈ ಆವಿಷ್ಕಾರದಿಂದ ನಿಮ್ಮ ಪ್ರದೇಶದ ಹಸಿರು ಬೆಳವಣಿಗೆ ಹೇಗೆ?’ ಎಂಬ ಪ್ರಶ್ನೆಗೆ ಕಾಕಾ ಭಾಳ ಹೊತ್ತು ಯೋಚಿಸಿ, “ಗ್ಯಾರೇಜ್ ಮುಂದ ಎರಡು ಬೇವಿನ ಗಿಡ ಹಚ್ಚೀನಿ ಅಂತ ಬರಿಯೋ” ಎಂದ. ಆ ಗಿಡಗಳೇನೋ ಇದ್ದವು. ಲಾರಿಗಳ ಧೂಳು ಕುಡಿದು ಬೂದಿ ಬಣ್ಣಕ್ಕೆ ತಿರುಗಿದ್ದವು. ಅವು ಹಸಿರೆಂಬುದು ಮಳೆ ಬಿದ್ದ ದಿನ ಮಾತ್ರ ತಿಳಿಯುತ್ತಿತ್ತು.

ತೊಂದರೆ ಬೇರೆಯೇ ಕಡೆಯಿಂದ ಬಂತು. ನಮ್ಮ ಕಡೆ ಯಾರೂ ಗಡಿಯಾರ ನೋಡಿ ಮನೆ ಬಿಡುವುದಿಲ್ಲ. ತಿರುವಿನಲ್ಲಿ ಟಂಟಂನ ಡುರ್ರ್ ಡುರ್ರ್ ಕೇಳಿದ ಮೇಲೆ ಕೊನೆಯ ತುತ್ತು ನುಂಗಿ, ಕೈ ತೊಳೆದು, ಚೀಲ ಹಿಡಿದು ಓಡಿ ಬರುತ್ತಾರೆ. ಬ್ಯಾಟರಿ ಗಾಡಿಗೆ ಸಪ್ಪಳವೇ ಇಲ್ಲ! ಅದು ಬೆಕ್ಕಿನಂತೆ ಬಂದು ಬೆಕ್ಕಿನಂತೆ ಹೋಗುತ್ತಿತ್ತು. ಒಂದು ವಾರ ಕಾಕಾ ಖಾಲಿ ಸೀಟುಗಳನ್ನು ಕೋಡ್ಲಾಕ್ಕೆ ಒಯ್ದು, ಜೋಪಾನವಾಗಿ ವಾಪಸು ತಂದ.

“ಕಾಕಾ, ಸಪ್ಪಳ ನಾ ಕೊಡ್ತೀನಿ” ಎಂದೆ. ಹಿತ್ತಲಲ್ಲಿ ಕುಳಿತು ಮೊಬೈಲಿನಲ್ಲಿ ಹಳೆಯ ಟಂಟಂನ ಸದ್ದನ್ನು ಬಾಯಿಂದ ಮಾಡಿ ಮುದ್ರಿಸಿದೆ. ಚಾಲೂ ಆಗುವಾಗಿನ ಕೆಮ್ಮು, ಏರಿನಲ್ಲಿ ನರಳುವುದು, ಗೇರು ಬದಲಿಸುವಾಗ ಹಲ್ಲು ಕಡಿಯುವುದು, ಒಂದನ್ನೂ ಬಿಡಲಿಲ್ಲ. ಕೊನೆಗೆ ಮಾತ್ರ ಅಡುಗೆಮನೆಯಿಂದ ನನ್ನನ್ನು ಕರೆಯುವ ಕಾಕಿಯ ದನಿಯೂ ಸೇರಿಕೊಂಡಿತು: “ಏ ಶರಣ್ಯಾ, ಸಾಕ್ ಮಾಡೋ ನಿನ್ನ ಡುರ್ ಡುರ್! ಚಾ ಆರಾಕತ್ತದ, ಬಾ!”

ಇನ್ನೊಮ್ಮೆ ಮುದ್ರಿಸಬಹುದಿತ್ತು. ಆದರೆ ಅಂಥ ಗೇರು ಮತ್ತೆ ನನ್ನ ಬಾಯಿಂದ ಬರಲಾರದೆಂದು ನನಗೇ ಅನಿಸಿತು. ಕಲಾವಿದನ ಅಹಂಕಾರ. ಹಾಗೇ ಗಾಡಿಗೊಂದು ಸ್ಪೀಕರ್ ಕಟ್ಟಿ ಅದಕ್ಕೆ ಹಾಕಿದೆವು. ಮರುದಿನದಿಂದ ಗಾಡಿ ತುಂಬಿತು. ನಾನು ಕಾಲರ್ ಎತ್ತಿಕೊಂಡು ಓಡಾಡಿದೆ.

ಅಷ್ಟರಲ್ಲಿ ಬೆಂಗಳೂರಿನಿಂದ ತಪಾಸಣೆಗೆ ಒಬ್ಬ ಸಾಹೇಬರೂ ಒಬ್ಬ ಮೇಡಮ್ಮೂ ಬಂದು ಗ್ಯಾರೇಜಿನೆದುರು ಕುಳಿತರು. ಆ ಹೊತ್ತಿನಲ್ಲಿ ಸ್ಪೀಕರ್ ಬಂದ್ ಮಾಡಬೇಕೆಂಬ ಬುದ್ಧಿ ಯಾರಿಗಾದರೂ ಬರುತ್ತದೆ. ನನಗೆ, ಬೆಂಗಳೂರಿನವರೂ ನನ್ನ ಪ್ರತಿಭೆ ಕೇಳಲಿ ಎಂಬ ಬುದ್ಧಿ ಬಂತು. ದನಿಯನ್ನು ಪೂರ್ತಿ ಏರಿಸಿಟ್ಟು, ಒಂದು ಸುತ್ತು ಹೊಡೆದು ಬಾ ಎಂದು ಕಾಕಾನನ್ನು ಕಳಿಸಿದೆ.

ತಿರುವಿನಲ್ಲಿ ಕಾಕಾನ ಹೊಗೆಯಿಲ್ಲದ ಗಾಡಿ ಡುರ್ರ್ ಡುರ್ರ್ ಎನ್ನುತ್ತಾ ಕಾಣಿಸಿತು. ಸಾಹೇಬರು ಎದ್ದು ನಿಂತರು. ಗಾಡಿ ನಿಂತ ಮೇಲೂ ಇಂಜಿನ್ ನರಳುತ್ತಲೇ ಇತ್ತು. ಅವರು ಮಂಡಿಯೂರಿ ಸೈಲೆನ್ಸರ್ ಹುಡುಕಿದರು, ಸೀಟು ಮೂಸಿದರು. ಅದಕ್ಕೋ ಹತ್ತು ವರ್ಷದ ಡೀಸೆಲ್ ವಾಸನೆ.

“ಏನ್ರೀ ಇದು? ಒಳಗೆಲ್ಲೋ ಇಂಜಿನ್ ಮುಚ್ಚಿಟ್ಟು ನಮಗೇ ಟೋಪಿ ಹಾಕ್ತೀರಾ?”

“ಇಲ್ರೀ ಸಾಹೇಬ್ರ, ಇದು ನಮ್ಮ ಹುಡುಗನ ಬಾಯಿರೀ” ಎಂದ ಕಾಕಾ.

ಈ ಉತ್ತರ ಸಾಹೇಬರ ಸಿಟ್ಟನ್ನು ಇಳಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಅವರು ಫೈಲು ಮುಚ್ಚಿದರು. ಕಾಕಾ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಆ ಮುಖ ಕಂಡು, ಹುಟ್ಟಿದ ಮೇಲೆ ಮೊದಲ ಸಲ, ನನ್ನ ಬಾಯಿಗೆ ಯಾರ ದನಿಯೂ ಬರಲಿಲ್ಲ. ನನ್ನದೂ ಬರಲಿಲ್ಲ.

ಆಗ ಇಂಜಿನ್ ಮಾತಾಡಿತು. “ಏ ಶರಣ್ಯಾ, ಸಾಕ್ ಮಾಡೋ ನಿನ್ನ ಡುರ್ ಡುರ್! ಚಾ ಆರಾಕತ್ತದ, ಬಾ!”

ಮೇಡಮ್ ನಗು ತಡೆಯಲಾರದೆ ಬೇವಿನ ಗಿಡವನ್ನು ಅಪ್ಪಿ ಹಿಡಿದರು. ಅವರ ಸೀರೆಯೂ ಬೂದಿ ಬಣ್ಣಕ್ಕೆ ತಿರುಗಿತು. ಸ್ಪೀಕರ್ ಕಿತ್ತು, ಅವರಿಬ್ಬರನ್ನೇ ಕೂರಿಸಿಕೊಂಡು ಕಾಕಾ ಕೋಡ್ಲಾದವರೆಗೆ ಬೆಕ್ಕಿನಂತೆ ಹೋಗಿ ಬಂದ. ಮರಳಿ ಬಂದು ಸಾಹೇಬರು ನಿಜವಾದ ಚಹಾ ಕುಡಿದರು, ಫೈಲು ತೆರೆದರು.

ಅನುದಾನ ಮಂಜೂರಾಯಿತು. ದೊಡ್ಡ ಬ್ಯಾಟರಿ ಬಂತು. ‘ಇಂಜಿನ್ನಿನ ಸದ್ದು ತೆಗೆದು ಬೇರೆ ಯಾವುದಾದರೂ ಸೂಚನಾ ಧ್ವನಿ ಅಳವಡಿಸತಕ್ಕದ್ದು’ ಎಂಬುದೊಂದೇ ಷರತ್ತು. ನನಗೆ ಕಳವಳ. ನನ್ನ ಡುರ್ ಡುರ್ ಇಲ್ಲದೆ ಜನ ಹೊರಗೆ ಬರುತ್ತಾರೆಯೇ? ಕೋಡ್ಲಾದಲ್ಲಿ ದಿನವೂ ನಮ್ಮ ಗಾಡಿ ಹತ್ತುವ ಒಬ್ಬ ಮುದುಕಿ ಆಯಿಯನ್ನು ಕೇಳಿದೆ.

“ಡುರ್ ಡುರ್ ಯಾವುದಪಾ? ನಾವು ಚಾಕ್ಕ ಕರೆಯೋದು ಕೇಳಿ ಬರ್ತಿದ್ವಿ. ಎಷ್ಟ್ ಮಾಯಾ ಮಮತೆಯಿಂದ ಕರೀತಾಳ ನೋಡು ಆಕಿ!”

ಈಗ ಗಾಡಿಯಲ್ಲಿ ಕಾಕಿಯ ದನಿ ಮಾತ್ರ ಇದೆ. ಮೊನ್ನೆ ಎರಡನೆಯ ಗಾಡಿ ತಯಾರಾದಾಗ, ಕಾಕಿ ಊರಲ್ಲಿರಲಿಲ್ಲವೆಂದು ನಾನೇ ಅವಳ ದನಿಯಲ್ಲಿ ಮುದ್ರಿಸಿ ಹಾಕಿದೆ. ನನ್ನ ಜೀವಮಾನದ ಅತ್ಯುತ್ತಮ ಅನುಕರಣೆ ಅದು. ಕೋಡ್ಲಾದ ತಿರುವಿನಲ್ಲಿ ಗಾಡಿ ನಿಲ್ಲಿಸಿ ಕಾದೆ. ಆಯಿ ಬಾಗಿಲಿನಿಂದ ಇಣುಕಿ ನೋಡಿ ಮತ್ತೆ ಒಳಗೆ ಹೋದಳು.

“ಕುಂದ್ರಿ, ಅವಸರಿಲ್ಲ” ಎಂದು ಮನೆಯವರಿಗೆ ಹೇಳುವುದು ಕೇಳಿಸಿತು. “ಇದು ಆ ಹುಡುಗನ ಬಾಯಿ. ಖರೇ ಗಾಡಿ ಇನ್ನಾ ಬಂದಿಲ್ಲ.”